ಸಿ2ರಸ್ಟ್ ಹಾಕಿದ ಮೇಲೆ ಉಳಿಯುವ ಅನ್‌ಸೇಫ್ ಕೋಡನ್ನು ಯಾವ ಕ್ರಮದಲ್ಲಿ ತೆಗೆಯಬೇಕು?

ಗೇಟ್‌ವೇ_ಕೋಡ್

ಎಲ್ಲರಿಗೂ ನಮಸ್ಕಾರ. ಸುಮಾರು 18,000 ಸಾಲಿನ ಒಂದು ಸಿ99 ಲೈಬ್ರರಿ ಇದೆ. ಆರ್ಮ್ ಲಿನಕ್ಸ್ ಗೇಟ್‌ವೇ ಮೇಲೆ ಓಡುತ್ತದೆ. ನೆಟ್‌ವರ್ಕ್‌ನಿಂದ ಬಂದ ಬೈನರಿ ಸಂದೇಶಗಳನ್ನು ಬಿಡಿಸಿ ಸ್ಟ್ರಕ್ಟ್‌ಗಳಿಗೆ ತುಂಬುವುದು ಅದರ ಕೆಲಸ. ಬಿಲ್ಡ್ ಎಲ್ಲ ಮೇಕ್‌ಫೈಲ್‌ನಲ್ಲೇ. ಗ್ಲೋಬಲ್ ವೇರಿಯಬಲ್‌ಗಳು ಹತ್ತಾರು, ಎರರ್ ಬಂದಾಗಲೆಲ್ಲ ಗೋಟೂ, ಲಾಗ್ ಬರೆಯಲು ಒಂದು ವೇರಿಯಾಡಿಕ್ (ಎಷ್ಟು ಬೇಕಾದರೂ ಆರ್ಗ್ಯುಮೆಂಟ್ ತೆಗೆದುಕೊಳ್ಳುವ) ಫಂಕ್ಷನ್. ಟೆಸ್ಟ್‌ಗಳು ಕಡಿಮೆ. ಇದನ್ನು ರಸ್ಟ್‌ಗೆ ತರಬೇಕು. ಹೊರಗಿನ ಸಿ ಅಪ್ಲಿಕೇಶನ್‌ಗಳು ಈಗಿನ ಹೆಡರ್ ಫೈಲನ್ನೇ ಬಳಸುತ್ತಿರಬೇಕು, ಅವುಗಳಲ್ಲಿ ಒಂದು ಸಾಲೂ ಬದಲಾಗಬಾರದು.

ಮೂರು ವಿಷಯ ತಿಳಿಯಬೇಕು. ಸಿ2ರಸ್ಟ್‌ನಂಥ ಟ್ರಾನ್ಸ್‌ಪೈಲರ್ (ಒಂದು ಭಾಷೆಯ ಕೋಡನ್ನು ಇನ್ನೊಂದು ಭಾಷೆಗೆ ತಾನೇ ಬದಲಿಸುವ ಟೂಲ್) ಹಾಕುವುದೋ, ಎಲ್‌ಎಲ್‌ಎಂಗೆ (ಎಐ ಭಾಷಾ ಮಾದರಿಗೆ) ಫೈಲ್ ಫೈಲಾಗಿ ಕೊಡುವುದೋ? ಬಂದ ಕೋಡ್ ಹಳೆಯದರಂತೆಯೇ ನಡೆಯುತ್ತದೆ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ? ಅನ್‌ಸೇಫ್ (ರಸ್ಟ್ ಕಂಪೈಲರ್ ಮೆಮೊರಿ ಸುರಕ್ಷತೆಯ ಖಾತರಿ ಕೊಡದ ಕೋಡ್) ತೆಗೆಯುವುದಕ್ಕೆ ಯಾವ ತುದಿಯಿಂದ ಕೈ ಹಾಕಬೇಕು?

---

ಹಳೇ_ಮೇಕ್‌ಫೈಲ್

ಮೊದಲ ಪ್ರಶ್ನೆಗೆ: ಟ್ರಾನ್ಸ್‌ಪೈಲರ್ ಹಾಕಿ. ಅದು ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬುದು ಮಾತ್ರ ಮುಂಚೆಯೇ ಗೊತ್ತಿರಲಿ. ಸಿ2ರಸ್ಟ್ ನಿಮ್ಮ ಕೋಡನ್ನು ಕ್ಲ್ಯಾಂಗ್ ಎಂಬ ಸಿ ಕಂಪೈಲರ್ ಮೂಲಕ ಓದಿ, ಅದೇ ನಡವಳಿಕೆಯನ್ನು ರಸ್ಟ್ ವ್ಯಾಕರಣದಲ್ಲಿ ಬರೆಯುತ್ತದೆ. ಪ್ರತಿ ಫಂಕ್ಷನ್ನೂ ಅನ್‌ಸೇಫ್, ಪ್ರತಿ ಪಾಯಿಂಟರ್ರೂ ರಾ ಪಾಯಿಂಟರ್ (ಕಂಪೈಲರ್ ಪರಿಶೀಲಿಸದ ಪಾಯಿಂಟರ್), ಬದಲಾಗಬಲ್ಲ ಪ್ರತಿ ಗ್ಲೋಬಲ್ಲೂ ಸ್ಟ್ಯಾಟಿಕ್ ಮ್ಯೂಟ್ (ಎಲ್ಲಿಂದ ಬೇಕಾದರೂ ಬದಲಿಸಬಹುದಾದ ರಸ್ಟ್ ಗ್ಲೋಬಲ್). ಸಿಯಲ್ಲಿದ್ದ ಬಫರ್ ಓವರ್‌ಫ್ಲೋ ಹಾಗೇ ಬಂದಿರುತ್ತದೆ. ಸುರಕ್ಷತೆ ಶುರುವಾಗುವುದೇ ಅದಾದ ಮೇಲೆ.

ಅನುವಾದಕ್ಕೆ ಮುಂಚೆ ಸಿಯಲ್ಲೇ ಮಾಡಿ ಮುಗಿಸಬೇಕಾದ ಕೆಲಸ ಇದೆ. ಅಡ್ರೆಸ್ ಸ್ಯಾನಿಟೈಜರ್ ಮತ್ತು ಯುಬಿ ಸ್ಯಾನಿಟೈಜರ್ (ಕೋಡ್ ಓಡುವಾಗಲೇ ದೋಷ ಹಿಡಿಯುವ ಕಂಪೈಲರ್ ಆಯ್ಕೆಗಳು) ಹಾಕಿ ಬಿಲ್ಡ್ ಮಾಡಿ, ಇರುವ ಟೆಸ್ಟ್‌ಗಳನ್ನೆಲ್ಲ ಓಡಿಸಿ, ಬಂದ ದೋಷಗಳನ್ನು ಸಿಯಲ್ಲೇ ಸರಿಪಡಿಸಿ. ಅನ್‌ಡಿಫೈನ್ಡ್ ಬಿಹೇವಿಯರ್ (ಯುಬಿ, ಏನಾಗಬೇಕೆಂದು ಭಾಷೆಯೇ ಹೇಳದ ವರ್ತನೆ) ಉಳಿದಿದ್ದರೆ "ಹಳೆಯದರಂತೆಯೇ ನಡೆಯುತ್ತದೆ" ಎಂಬ ಮಾತಿಗೆ ಅರ್ಥವೇ ಇಲ್ಲ, ಹೋಲಿಸಲು ಹಳೆಯ ನಡವಳಿಕೆ ಅಂತ ಒಂದು ಇರುವುದಿಲ್ಲ. ಒಂದು ಉದಾಹರಣೆ: ಬೆಲೆ ಕೊಡದೆ ಬಿಟ್ಟ ಲೋಕಲ್ ವೇರಿಯಬಲ್‌ಗೆ ಸಿ2ರಸ್ಟ್ ತಾನೇ ಸೊನ್ನೆ ತುಂಬುತ್ತದೆ. ಸಿಯಲ್ಲಿ ಅಲ್ಲಿ ಕಸ ಇತ್ತು. ಎರಡರ ಉತ್ತರ ಬೇರೆ ಬಂದಾಗ ಅನುವಾದ ತಪ್ಪಿತೋ ಮೂಲವೇ ತಪ್ಪೋ ಎಂದು ಹುಡುಕುವುದರಲ್ಲೇ ಸಮಯ ಹೋಗುತ್ತದೆ.

ಗೋಟೂ ಬಗ್ಗೆ. "ಕ್ಲೀನಪ್‌ಗೆ ಹಾರು" ಅನ್ನುವ ಸರಳ ಗೋಟೂ ಇದ್ದರೂ ಹೊರಬರುವ ರಸ್ಟ್‌ನಲ್ಲಿ ಲೇಬಲ್ ಹಾಕಿದ ಲೂಪ್‌ಗಳು, ಉದ್ದುದ್ದ ಅಂಕಿ ತುಂಬಿದ "ಕರೆಂಟ್ ಬ್ಲಾಕ್" ವೇರಿಯಬಲ್ ಬಂದುಬಿಡುತ್ತವೆ. ಸರಿಯಾಗಿಯೇ ಓಡುತ್ತದೆ, ಓದಲು ಮಾತ್ರ ಆಗುವುದಿಲ್ಲ. ಫಂಕ್ಷನ್ನನ್ನು ಸಿಯಲ್ಲೇ ಎರಡಾಗಿ ಒಡೆಯಿರಿ: ಹೊರಗಿನದು ಮೆಮೊರಿ ಪಡೆದು ಬಿಡುತ್ತದೆ, ಒಳಗಿನದು ಕೆಲಸ ಮಾಡಿ ಎರರ್ ಬಂದರೆ ನೇರ ರಿಟರ್ನ್ ಆಗುತ್ತದೆ. ಗೋಟೂ ತಾನಾಗಿ ಹೋಗುತ್ತದೆ. ಮುಂದೆ ಒಳಗಿನದನ್ನು ರಿಸಲ್ಟ್ (ಉತ್ತರ ಅಥವಾ ಎರರ್ ಹಿಡಿದಿಡುವ ರಸ್ಟ್ ಟೈಪ್) ಕೊಡುವ ಫಂಕ್ಷನ್ ಮಾಡುವುದೂ ಸುಲಭ.

ಲಾಗ್ ಬರೆಯುವ ವೇರಿಯಾಡಿಕ್ ಫಂಕ್ಷನ್ನನ್ನು ಅನುವಾದಿಸಬೇಡಿ. ವೇರಿಯಾಡಿಕ್ ಡೆಫಿನಿಷನ್‌ಗೆ ನೈಟ್ಲಿ (ಪ್ರಯೋಗದ ಹಂತದ) ರಸ್ಟ್ ಕಂಪೈಲರ್ ಬೇಕಾಗುತ್ತದೆ. ಆ ಒಂದು ಫೈಲನ್ನು ಸಿಯಲ್ಲೇ ಬಿಟ್ಟು ಲಿಂಕ್ ಮಾಡಿ. ಸೆಟ್‌ಜಂಪ್, ಲಾಂಗ್‌ಜಂಪ್ (ಫಂಕ್ಷನ್‌ಗಳನ್ನು ದಾಟಿ ಹಾರುವ ಸಿ ಕರೆಗಳು) ಎಲ್ಲಾದರೂ ಇದ್ದರೆ ಮೊದಲೇ ಕಿತ್ತುಹಾಕಿ, ಟೂಲ್ ಅವನ್ನು ಅನುವಾದಿಸುವುದಿಲ್ಲ.

ಇನ್ನು ಓಡಿಸುವ ಕ್ರಮ. ಟೂಲ್‌ಗೆ ಬೇಕಾದದ್ದು ಕಂಪೈಲ್ ಕಮಾಂಡ್ಸ್ ಜೇಸನ್ ಫೈಲ್, ಅಂದರೆ ಯಾವ ಫೈಲ್ ಯಾವ ಆಜ್ಞೆಯಿಂದ ಕಂಪೈಲ್ ಆಗುತ್ತದೆ ಎಂಬ ಪಟ್ಟಿ. ಸಿಮೇಕ್ ಆಗಿದ್ದರೆ ಒಂದು ಆಯ್ಕೆ ಕೊಟ್ಟರೆ ಸಾಕಿತ್ತು. ಮೇಕ್ ಆದ್ದರಿಂದ ಬೇರ್ ಎಂಬ ಟೂಲ್ ಮೂಲಕ ಮೇಕ್ ಓಡಿಸಿ. ಅದಕ್ಕೆ ಮುಂಚೆ ಮೇಕ್ ಕ್ಲೀನ್ ಕಡ್ಡಾಯ, ಇಲ್ಲದಿದ್ದರೆ ಆಗ ಹೊಸದಾಗಿ ಕಂಪೈಲ್ ಆದ ಫೈಲ್‌ಗಳು ಮಾತ್ರ ಪಟ್ಟಿಗೆ ಬರುತ್ತವೆ. ನಿಮ್ಮದು ಕ್ರಾಸ್ ಕಂಪೈಲ್. ಆ ಜೇಸನ್‌ನಲ್ಲಿ ಜಿಸಿಸಿಗೆ ಮಾತ್ರ ಗೊತ್ತಿರುವ ಫ್ಲ್ಯಾಗ್‌ಗಳಿದ್ದರೆ ಕ್ಲ್ಯಾಂಗ್ ತಕರಾರು ಮಾಡುತ್ತದೆ, ಅವನ್ನು ತೆಗೆಯಿರಿ. ಟಾರ್ಗೆಟ್ ಮತ್ತು ಸಿಸ್‌ರೂಟ್ (ಗೇಟ್‌ವೇಯ ಹೆಡರ್, ಲೈಬ್ರರಿಗಳಿರುವ ಫೋಲ್ಡರ್) ಎರಡನ್ನೂ ಹೆಚ್ಚುವರಿ ಕ್ಲ್ಯಾಂಗ್ ಆರ್ಗ್ಯುಮೆಂಟ್ ಆಗಿ ಕೊಡಿ. ಇದನ್ನು ಬಿಟ್ಟರೆ ಟೂಲ್ ನಿಮ್ಮ ಲ್ಯಾಪ್‌ಟಾಪ್‌ನ ಎಕ್ಸ್86 ಹೆಡರ್‌ಗಳನ್ನು ಓದುತ್ತದೆ, ಅಲ್ಲಿನ ಸ್ಟ್ರಕ್ಟ್ ಲೇಔಟ್, ಅಲ್ಲಿನ ಇಫ್‌ಡೆಫ್‌ಗಳು ನಿಮ್ಮ ರಸ್ಟ್ ಕೋಡ್‌ನಲ್ಲಿ ಗಟ್ಟಿಯಾಗಿ ಕೂತುಬಿಡುತ್ತವೆ. ಅನುವಾದ ನಡೆಯುವುದು ಪ್ರೀಪ್ರೊಸೆಸರ್ ಆದ ಮೇಲೆ ಎಂಬುದು ಸದಾ ನೆನಪಿರಲಿ: ಒಂದು ಕಾನ್ಫಿಗರೇಷನ್ ಮಾತ್ರ ಉಳಿಯುತ್ತದೆ, 256 ಎಂದು ಡಿಫೈನ್ ಮಾಡಿದ ಹೆಸರು ಬಹುಪಾಲು ಕಡೆ ಬರೀ 256 ಆಗುತ್ತದೆ, ಕಾಮೆಂಟ್‌ಗಳು ಹೋಗುತ್ತವೆ. ಸ್ಥಿರಾಂಕ ಮ್ಯಾಕ್ರೋಗಳನ್ನು ಉಳಿಸಲು ಒಂದು ಆಯ್ಕೆ ಇದೆ, ಎಲ್ಲ ಮ್ಯಾಕ್ರೋಗೂ ಅದು ನಡೆಯುವುದಿಲ್ಲ. ಮುಖ್ಯವಾದವನ್ನು ಸಿಯಲ್ಲೇ ಈನಮ್‌ಗೆ ಬದಲಿಸಿದರೆ ಹೆಸರು ಉಳಿಯುತ್ತದೆ.

ಎಮಿಟ್ ಬಿಲ್ಡ್ ಫೈಲ್ಸ್ ಆಯ್ಕೆ ಕೊಟ್ಟರೆ ಕಾರ್ಗೋ (ರಸ್ಟ್‌ನ ಬಿಲ್ಡ್ ಟೂಲ್) ಪ್ರಾಜೆಕ್ಟ್ ಕೂಡ ಬರುತ್ತದೆ, ಜೊತೆಗೆ ನಿರ್ದಿಷ್ಟ ನೈಟ್ಲಿಯನ್ನು ಹಿಡಿದಿಡುವ ಟೂಲ್‌ಚೈನ್ ಫೈಲ್. ಎಡಿಷನ್ (ರಸ್ಟ್ ಭಾಷೆಯ ನಿಯಮಗಳ ಆವೃತ್ತಿ) 2021ರಲ್ಲೇ ಇರಲಿ. 2024 ಎಡಿಷನ್‌ನಲ್ಲಿ ಸ್ಟ್ಯಾಟಿಕ್ ಮ್ಯೂಟ್‌ಗೆ ರೆಫರೆನ್ಸ್ ತೆಗೆದರೆ ಡಿಫಾಲ್ಟ್ ಆಗಿಯೇ ಎರರ್. ಗ್ಲೋಬಲ್‌ಗಳೆಲ್ಲ ಹೋದ ಮೇಲೆ ಎಡಿಷನ್ ಏರಿಸಿ.

---

ಹೊಸಸಾಲು

ಮೇಲಿನವರು ಹೇಳಿದ ಹಂತಗಳೆಲ್ಲ ಸರಿ. ಆದರೆ 18,000 ಸಾಲನ್ನೂ ತರಲೇಬೇಕೇ ಎಂದು ಒಮ್ಮೆ ಕೇಳಿಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ಮೆಮೊರಿ ಸುರಕ್ಷತೆಗೆ ಸಂಬಂಧಿಸಿದ ದೋಷಗಳ ಪಾಲು 2019ರಲ್ಲಿ 76% ಇದ್ದದ್ದು 2024ರಲ್ಲಿ 24%ಗೆ ಇಳಿಯಿತು. ಹಳೆಯ ಸಿ++ ಕೋಡನ್ನೆಲ್ಲ ಅನುವಾದಿಸಿ ಸಾಧಿಸಿದ್ದಲ್ಲ ಅದು. ಹೊಸ ಕೋಡನ್ನು ರಸ್ಟ್‌ನಂಥ ಭಾಷೆಗಳಲ್ಲಿ ಬರೆಯುತ್ತ ಹೋದರು, ಹಳೆಯದು ಬಳಕೆಯಲ್ಲಿ ಹಣ್ಣಾಗುತ್ತ ಬಂತು. ವರ್ಷಗಟ್ಟಲೆ ಯಾರೂ ಮುಟ್ಟದ, ಹೊರಗಿನ ಇನ್‌ಪುಟ್ ನೋಡದ ಮಾಡ್ಯೂಲ್‌ನಲ್ಲಿ ಹೊಸ ದೋಷ ಸಿಗುವ ಸಾಧ್ಯತೆ ಕಡಿಮೆ, ಅನುವಾದದಿಂದ ಹೊಸ ದೋಷ ಹುಟ್ಟುವ ಸಾಧ್ಯತೆ ಹೆಚ್ಚು.

ನಿಮ್ಮ ಲೈಬ್ರರಿಯಲ್ಲಿ ನೆಟ್‌ವರ್ಕ್‌ನ ಬೈಟ್‌ಗಳನ್ನು ನೇರವಾಗಿ ಮುಟ್ಟುವ ಡಿಕೋಡರ್ ಭಾಗ ಎಷ್ಟು ಸಾಲು? ಅದನ್ನು ಮೊದಲು ತನ್ನಿ. ಕಾನ್ಫಿಗರೇಷನ್ ಓದುವುದು, ಅಂಕಿಅಂಶ ಲೆಕ್ಕ ಇಡುವುದು ಸದ್ಯಕ್ಕೆ ಸಿಯಲ್ಲೇ ಇರಲಿ, ಅವಕ್ಕೆ ಫಾರ್ಟಿಫೈ ಸೋರ್ಸ್ 3 (ಬಫರ್ ಮೀರಿದ ಬರಹ ಹಿಡಿಯುವ ಆಯ್ಕೆ) ಮತ್ತು ಲೋಕಲ್‌ಗಳಿಗೆ ಸೊನ್ನೆ ತುಂಬುವ ಫ್ಲ್ಯಾಗ್ ಹಾಕಿ. ಎಸ್‌ವಿಜಿ ಚಿತ್ರ ಬಿಡಿಸುವ ಲಿಬ್‌ಆರ್‌ಎಸ್‌ವಿಜಿ ಲೈಬ್ರರಿ ಸಿಯಿಂದ ರಸ್ಟ್‌ಗೆ ಬಂದದ್ದು ಹೀಗೆ ತುಂಡು ತುಂಡಾಗಿ, ಹೊರಗಿನ ಸಿ ಎಪಿಐ ಉಳಿಸಿಕೊಂಡೇ. ನಿಮ್ಮ ಷರತ್ತೂ ಅದೇ ತಾನೇ.

---

ಫಜರ್_ಬೆನ್ನಿಗೆ

ಎರಡನೇ ಪ್ರಶ್ನೆಗೆ ಉತ್ತರ ಹೇಳುತ್ತೇನೆ, ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಬೆನ್ನೆಲುಬು ಇದೇ. ಹಳೆಯ ಸಿ ಮತ್ತು ಹೊಸ ರಸ್ಟ್ ಎರಡನ್ನೂ ಒಂದೇ ಪ್ರೋಗ್ರಾಮಿಗೆ ಲಿಂಕ್ ಮಾಡಿ, ಫಜರ್ (ಬಗೆಬಗೆಯ ಇನ್‌ಪುಟ್‌ಗಳನ್ನು ತಾನೇ ಹುಟ್ಟಿಸುವ ಟೂಲ್) ಕೊಟ್ಟ ಒಂದೇ ಇನ್‌ಪುಟ್ಟನ್ನು ಎರಡಕ್ಕೂ ಹಾಕಿ, ಉತ್ತರ ಹೋಲಿಸಿ. ಅನುವಾದದ ಮೊದಲ ದಿನವೇ ಇದು ಓಡುತ್ತಿರಬೇಕು. ಅನ್‌ಸೇಫ್ ತೆಗೆಯುವ ಒಂದೊಂದು ಬದಲಾವಣೆಯೂ ಇದನ್ನು ದಾಟಿಯೇ ಒಳಗೆ ಬರಬೇಕು.

ಮೊದಲ ತೊಡಕು ಹೆಸರುಗಳದ್ದು. ಎರಡೂ ಕಡೆ ಅದೇ ಸಿಂಬಲ್‌ಗಳು (ಫಂಕ್ಷನ್, ಗ್ಲೋಬಲ್‌ಗಳ ಹೆಸರುಗಳು), ಲಿಂಕರ್ ಒಪ್ಪುವುದಿಲ್ಲ. ಕಂಪೈಲ್ ಆದ ಫೈಲ್ ತಿದ್ದುವ ಆಬ್ಜ್‌ಕಾಪಿ ಟೂಲ್‌ನಲ್ಲಿ ಪ್ರಿಫಿಕ್ಸ್ ಸಿಂಬಲ್ಸ್ ಆಯ್ಕೆ ಕಣ್ಣಿಗೆ ಬೀಳುತ್ತದೆ, ಅದನ್ನು ಬಳಸಬೇಡಿ: ಹೊರಗಿನಿಂದ ಬರಬೇಕಾದ ಮ್ಯಾಲಕ್, ಮೆಮ್‌ಕಾಪಿ ಹೆಸರುಗಳಿಗೂ ಅದು ಪ್ರಿಫಿಕ್ಸ್ ಅಂಟಿಸಿಬಿಡುತ್ತದೆ. ಎನ್‌ಎಂ ಟೂಲ್‌ನಿಂದ ಆ ಲೈಬ್ರರಿಯೊಳಗೇ ಡಿಫೈನ್ ಆದ ಗ್ಲೋಬಲ್ ಸಿಂಬಲ್‌ಗಳ ಪಟ್ಟಿ ತೆಗೆದು, ಸಾಲಿಗೊಂದರಂತೆ ಹಳೇ ಹೆಸರು, ಹೊಸ ಹೆಸರು ಬರೆದು, ರಿಡಿಫೈನ್ ಸಿಮ್ಸ್ ಆಯ್ಕೆಗೆ ಆ ಫೈಲ್ ಕೊಡಿ.

ಏನನ್ನು ಹೋಲಿಸಬೇಕು: ರಿಟರ್ನ್ ಬೆಲೆ, ಬರೆದ ಉದ್ದದಷ್ಟು ಔಟ್‌ಪುಟ್ ಬಫರ್, ಪಾಯಿಂಟರ್ ಮೂಲಕ ತುಂಬುವ ಎಲ್ಲ ಬೆಲೆಗಳು. ಎರರ್ ಬಂದಾಗಿನ ಅರ್ಧ ತುಂಬಿದ ಔಟ್‌ಪುಟ್ಟನ್ನೂ ಹೋಲಿಸಿ. ಅದನ್ನು ಓದುವ ಅಪ್ಲಿಕೇಶನ್ ಇದ್ದೇ ಇರುತ್ತದೆ. ಸ್ಟ್ರಕ್ಟ್‌ಗಳನ್ನು ಮೆಮ್‌ಕಂಪ್‌ನಿಂದ ಹೋಲಿಸಬೇಡಿ, ಫೀಲ್ಡ್‌ಗಳ ನಡುವೆ ಬಿಟ್ಟ ಪ್ಯಾಡಿಂಗ್ ಬೈಟ್‌ಗಳಲ್ಲಿ ಏನಿದೆ ಎಂದು ಯಾರೂ ಖಾತರಿ ಕೊಟ್ಟಿಲ್ಲ. ಫೀಲ್ಡ್ ಫೀಲ್ಡಾಗಿ ನೋಡಿ. ನಿಮ್ಮ ಗ್ಲೋಬಲ್‌ಗಳನ್ನು ಪ್ರತಿ ಇನ್‌ಪುಟ್‌ಗೂ ಮುಂಚೆ ಎರಡೂ ಕಡೆ ಮೊದಲ ಸ್ಥಿತಿಗೆ ತರುವ ಒಂದು ರೀಸೆಟ್ ಫಂಕ್ಷನ್ ಬೇಕು. ಅದಿಲ್ಲದಿದ್ದರೆ ಸಿಕ್ಕ ವ್ಯತ್ಯಾಸ ಮತ್ತೆ ಓಡಿಸಿದಾಗ ಮಾಯ.

ಫಜಿಂಗ್ ಬಿಲ್ಡ್‌ನಲ್ಲಿ ರಸ್ಟ್‌ನ ಓವರ್‌ಫ್ಲೋ ಚೆಕ್ ಆನ್ ಇರಲಿ. ಇಲ್ಲೊಂದು ಸೂಕ್ಷ್ಮ ಇದೆ. ಸಿ2ರಸ್ಟ್ ಅನ್‌ಸೈನ್ಡ್ ಕೂಡು-ಕಳೆಯನ್ನು ರ‍್ಯಾಪಿಂಗ್ ಫಂಕ್ಷನ್‌ಗಳಾಗಿ ಬರೆಯುತ್ತದೆ, ಸೈನ್ಡ್ ಆದರೆ ಬರೀ ಕೂಡು ಚಿಹ್ನೆ. ನಿಮ್ಮ ಮೇಕ್‌ಫೈಲ್‌ನಲ್ಲಿ ಎಫ್‌-ರ‍್ಯಾಪ್-ವಿ ಫ್ಲ್ಯಾಗ್ ಇದ್ದರೆ, ಸೈನ್ಡ್ ಸಂಖ್ಯೆ ಸುತ್ತಿ ಬರುತ್ತದೆ ಎಂದು ನಂಬಿಕೊಂಡ ಕೋಡ್ ಎಲ್ಲೋ ಇದೆ ಎಂದರ್ಥ. ಅದು ಈ ಬಿಲ್ಡ್‌ನಲ್ಲಿ ಪ್ಯಾನಿಕ್ ಆಗುತ್ತದೆ, ಅಂದರೆ ರಸ್ಟ್ ತಾನೇ ಓಟ ನಿಲ್ಲಿಸುತ್ತದೆ. ಆ ಜಾಗಗಳನ್ನು ಕೈಯಾರೆ ರ‍್ಯಾಪಿಂಗ್‌ಗೆ ಬದಲಿಸಿ.

ಕೊನೆಗೆ, ಸಿ ಕಡೆಯನ್ನೂ ಅಡ್ರೆಸ್ ಸ್ಯಾನಿಟೈಜರ್ ಹಾಕಿಯೇ ಲಿಂಕ್ ಮಾಡಿ. ಸಿ ಮೌನವಾಗಿ ಬಫರ್ ದಾಟಿ ಓದಿದಾಗ, ರಸ್ಟ್ ಪ್ಯಾನಿಕ್ ಆದಾಗ, ತಪ್ಪಿದ್ದು ಅನುವಾದ ಅಲ್ಲ, ಹಳೆಯ ದೋಷ ಸಿಕ್ಕಿತು ಎಂದು ಆಗಲೇ ಗೊತ್ತಾಗುತ್ತದೆ.

---

ಗೇಟ್‌ವೇ_ಕೋಡ್

ಎಲ್ಲರಿಗೂ ಧನ್ಯವಾದ. @ಹೊಸಸಾಲು ಅವರೇ, ಬೈಟ್ ಮುಟ್ಟುವ ಭಾಗ ಸುಮಾರು 6,000 ಸಾಲು. ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅದರಲ್ಲಿ ಒಂದು ಫಂಕ್ಷನ್ ಬೈಟ್ ಸ್ಟಫಿಂಗ್ (ಕಳಿಸುವಾಗ ನಡುವೆ ಸೇರಿಸಿದ ಹೆಚ್ಚುವರಿ ಬೈಟ್‌ಗಳನ್ನು) ಬಿಡಿಸುತ್ತದೆ: ಇನ್‌ಪುಟ್ ಪಾಯಿಂಟರ್, ಉದ್ದ, ಔಟ್‌ಪುಟ್ ಪಾಯಿಂಟರ್. ಕೆಲವು ಕಡೆ ಇನ್‌ಪುಟ್, ಔಟ್‌ಪುಟ್ ಎರಡೂ ಒಂದೇ ಬಫರ್. ಎಲ್‌ಎಲ್‌ಎಂ ಕೊಟ್ಟ ರಸ್ಟ್‌ನಲ್ಲಿ ಒಂದು ಸ್ಲೈಸ್ (ಪಾಯಿಂಟರ್, ಉದ್ದ ಎರಡೂ ಸೇರಿದ ರೆಫರೆನ್ಸ್), ಇನ್ನೊಂದು ಮ್ಯೂಟ್ ಸ್ಲೈಸ್ (ಬರೆಯಬಹುದಾದದ್ದು) ಇದೆ. ಕಂಪೈಲ್ ಆಗುತ್ತದೆ, ಟೆಸ್ಟ್ ದಾಟುತ್ತದೆ. ಇದು ಸರಿಯೇ?

---

ಬಾರೋ_ಚೆಕರ್

ಸರಿಯಲ್ಲ. ಈ ಥ್ರೆಡ್‌ನಲ್ಲಿ ಎಲ್ಲಕ್ಕಿಂತ ಎಚ್ಚರ ಬೇಕಾದ ಜಾಗ ಇದೇ, ಅದಕ್ಕೇ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ರಾ ಪಾಯಿಂಟರ್‌ಗಳು ಒಂದೇ ಜಾಗವನ್ನು ತೋರಿಸಿದರೆ ರಸ್ಟ್‌ಗೆ ತಕರಾರಿಲ್ಲ. ಮ್ಯೂಟ್ ರೆಫರೆನ್ಸ್ ಹಾಗಲ್ಲ. ಅದು ಬದುಕಿರುವಷ್ಟು ಹೊತ್ತು ಆ ಮೆಮೊರಿಯನ್ನು ಬೇರಾರೂ ಮುಟ್ಟುವುದಿಲ್ಲ ಎಂದು ನೀವು ಕಂಪೈಲರ್‌ಗೆ ಮಾತು ಕೊಟ್ಟಂತೆ. ಆ ಮಾತನ್ನು ನಂಬಿ ಅದು ಓದು-ಬರಹಗಳನ್ನು ಹಿಂದೆ ಮುಂದೆ ಮಾಡುತ್ತದೆ. ಒಂದೇ ಬಫರ್‌ನಿಂದ ಸ್ಲೈಸನ್ನೂ ಮ್ಯೂಟ್ ಸ್ಲೈಸನ್ನೂ ಒಟ್ಟಿಗೆ ಮಾಡಿದ ಕ್ಷಣವೇ ಯುಬಿ. ಮೂಲ ಸಿಯಲ್ಲಿ ಎರಡೂ ಸಾಮಾನ್ಯ ಪಾಯಿಂಟರ್ ಆಗಿದ್ದರೆ ಇದು ಪೂರ್ತಿ ಸಮ್ಮತ. ಅಂದರೆ ಅರ್ಧ ಮಾತ್ರ ಸೇಫ್ ರೂಪಕ್ಕೆ ತಂದ ರಸ್ಟ್ ಕೋಡ್ ಮೂಲ ಸಿಗಿಂತ ಅಪಾಯಕಾರಿಯಾಗಬಲ್ಲದು. ಇಂದು ಟೆಸ್ಟ್ ದಾಟುತ್ತದೆ, ಕಂಪೈಲರ್ ಆವೃತ್ತಿ ಬದಲಾದಾಗ ಮುರಿಯುತ್ತದೆ.

ನಿಮ್ಮ ಫಂಕ್ಷನ್‌ಗೆ ಪರಿಹಾರ: ಸ್ಟಫಿಂಗ್ ಬಿಡಿಸಿದಾಗ ಔಟ್‌ಪುಟ್ ಎಂದೂ ಇನ್‌ಪುಟ್‌ಗಿಂತ ಉದ್ದ ಆಗುವುದಿಲ್ಲ. ಹಾಗಾಗಿ ಒಂದೇ ಮ್ಯೂಟ್ ಸ್ಲೈಸ್ ತೆಗೆದುಕೊಂಡು, ಓದುವ ಇಂಡೆಕ್ಸ್ ಬರೆಯುವ ಇಂಡೆಕ್ಸ್ ಬೇರೆ ಇಟ್ಟು, ಹೊಸ ಉದ್ದ ಹಿಂದಿರುಗಿಸುವ ಸೇಫ್ ಫಂಕ್ಷನ್ ಬರೆಯಿರಿ. ಬೇರೆ ಬೇರೆ ಬಫರ್‌ಗೆ ಇನ್ನೊಂದು. ಹೊರಗಿನ ಸಿ ಎಬಿಐ ಫಂಕ್ಷನ್ (ಸಿ ಅಪ್ಲಿಕೇಶನ್‌ಗಳು ನೇರವಾಗಿ ಕರೆಯುವುದು) ರಾ ಪಾಯಿಂಟರ್‌ಗಳನ್ನೇ ಇಟ್ಟುಕೊಂಡು, ಎರಡೂ ಪಾಯಿಂಟರ್ ಒಂದೇ ಆದರೆ ಮೊದಲನೆಯದನ್ನು, ವ್ಯಾಪ್ತಿಗಳು ಎಲ್ಲೂ ತಾಗದಿದ್ದರೆ ಎರಡನೆಯದನ್ನು ಕರೆಯಲಿ. ಅರ್ಧ ತಾಗಿದರೆ ಎರರ್ ಕೊಡಿ. ಯಾವುದೋ ಅಪ್ಲಿಕೇಶನ್ ಹಾಗೂ ಕರೆಯುತ್ತಿದೆ ಎಂದು ಗೊತ್ತಾದರೆ ಆ ದಾರಿಗೆ ಮಾತ್ರ ಇನ್‌ಪುಟ್ಟನ್ನು ಒಂದು ವೆಕ್‌ಗೆ (ರಸ್ಟ್‌ನ ಹಿಗ್ಗುವ ಅರೇಗೆ) ನಕಲಿಸಿ. ಬೇರೆ ಬೇರೆ ಬಫರ್ ಇದ್ದಾಗ ಔಟ್‌ಪುಟ್ ಬಫರ್‌ನ ಉದ್ದ ಈ ಎಪಿಐನಲ್ಲಿ ಬರುವುದೇ ಇಲ್ಲ ಎಂಬುದನ್ನೂ ಗಮನಿಸಿ. ಇನ್‌ಪುಟ್ ಉದ್ದದಷ್ಟು ಜಾಗ ಇದೆ ಎಂಬ ಅಲಿಖಿತ ಒಪ್ಪಂದದ ಮೇಲೆ ನಡೆಯುತ್ತಿದೆ. ಅದನ್ನು ಅನ್‌ಸೇಫ್ ಬ್ಲಾಕ್‌ನ ಮೇಲೆ ಸೇಫ್ಟಿ ಕಾಮೆಂಟ್ ಆಗಿ ಬರೆಯಿರಿ, ಪ್ರತಿ ಸಿ ಕರೆಯನ್ನೂ ಅದಕ್ಕೆ ಹಿಡಿದು ನೋಡಿ. ಅಂಥ ಕಾಮೆಂಟ್ ಇಲ್ಲದ ಬ್ಲಾಕ್‌ಗಳನ್ನು ಹಿಡಿಯುವ ಲಿಂಟ್ (ಎಚ್ಚರಿಕೆಯ ನಿಯಮ) ರಸ್ಟ್‌ನ ಕೋಡ್ ಪರಿಶೀಲಕ ಕ್ಲಿಪ್ಪಿಯಲ್ಲಿದೆ, ಆನ್ ಮಾಡಿ.

ಇಂಥ ದೋಷ ಹಿಡಿಯುವ ಟೂಲ್ ಮಿರಿ. ಮೇಲೆ ಹೇಳಿದ, ಎರಡರ ಉತ್ತರ ಹೋಲಿಸುವ ಡಿಫರೆನ್ಷಿಯಲ್ ಫಜಿಂಗ್‌ಗೆ ಇದು ಕಾಣುವುದಿಲ್ಲ, ಉತ್ತರ ಸದ್ಯಕ್ಕೆ ಸರಿಯಾಗಿಯೇ ಬರುತ್ತಿರುತ್ತದೆ. ಮಿರಿಗೆ ಮ್ಯಾಲಕ್, ಫ್ರೀಯಂಥ ಕೆಲವು ಸಿ ಫಂಕ್ಷನ್ ಗೊತ್ತು, ನಿಮ್ಮ ಸ್ವಂತ ಸಿ ಫೈಲಿನ ಫಂಕ್ಷನ್ ಕರೆದರೆ ನಿಂತುಬಿಡುತ್ತದೆ. ಆದ್ದರಿಂದ ಪೂರ್ತಿ ರಸ್ಟ್‌ಗೆ ಬಂದ ಎಲೆ ಫಂಕ್ಷನ್‌ಗಳಿಗೆ, ಅಂದರೆ ಬೇರೆ ಯಾವುದನ್ನೂ ಕರೆಯದ ಫಂಕ್ಷನ್‌ಗಳಿಗೆ, ಚಿಕ್ಕ ಚಿಕ್ಕ ಟೆಸ್ಟ್ ಬರೆದು ಓಡಿಸಿ. ತುಂಬಾ ನಿಧಾನ, ಹತ್ತಿಪ್ಪತ್ತು ಬೈಟಿನ ಇನ್‌ಪುಟ್ ಸಾಕು. ಫಜರ್ ಕಲೆಹಾಕಿದ ಕಾರ್ಪಸ್‌ನಲ್ಲಿ ಅತಿ ಚಿಕ್ಕವನ್ನು ಆರಿಸಿಕೊಳ್ಳಬಹುದು.

ಮೂರನೇ ಪ್ರಶ್ನೆ, ಅಂದರೆ ಕ್ರಮ. ಎಲ್ಲಕ್ಕಿಂತ ಮೊದಲು ಟೈಪ್‌ಗಳನ್ನು ಒಂದಾಗಿಸಿ. ಹೆಡರ್‌ನಲ್ಲಿದ್ದ ಒಂದು ಸ್ಟ್ರಕ್ಟ್ ಪ್ರತಿ ಮಾಡ್ಯೂಲ್‌ನಲ್ಲೂ ಒಂದೊಂದು ನಕಲಾಗಿ ಬಂದಿರುತ್ತದೆ, ಮಾಡ್ಯೂಲ್‌ಗಳು ಒಂದನ್ನೊಂದು ಎಕ್ಸ್‌ಟರ್ನ್ ಘೋಷಣೆಯಿಂದ ಕರೆಯುತ್ತಿರುತ್ತವೆ. ಆ ಸ್ಥಿತಿಯಲ್ಲಿ ಒಂದು ಕಡೆ ಟೈಪ್ ಬದಲಿಸಿದರೆ ಇನ್ನೊಂದು ಕಡೆ ಎರರ್ ಬರುವುದಿಲ್ಲ, ಲಿಂಕ್ ಆಗಿ ತಪ್ಪಾಗಿ ಓಡುತ್ತದೆ. ಎಕ್ಸ್‌ಟರ್ನ್‌ಗಳನ್ನೆಲ್ಲ ಯೂಸ್ ಹೇಳಿಕೆಗಳಾಗಿಸಿದ ಮೇಲೆಯೇ ರಸ್ಟ್‌ನ ಟೈಪ್ ಚೆಕಿಂಗ್ ನಿಮ್ಮ ಪರ ಕೆಲಸ ಮಾಡುತ್ತದೆ. ಆಮೇಲೆ ಗ್ಲೋಬಲ್‌ಗಳನ್ನು ಒಂದು ಕಾಂಟೆಕ್ಸ್ಟ್ ಸ್ಟ್ರಕ್ಟ್‌ಗೆ ಸೇರಿಸಿ, ಫಂಕ್ಷನ್‌ಗಳಿಗೆ ಆರ್ಗ್ಯುಮೆಂಟ್ ಆಗಿ ಕೊಡಿ. ಹಳೆಯ ಎಪಿಐಗಾಗಿ ಒಂದೇ ಒಂದು ಸ್ಟ್ಯಾಟಿಕ್ ಉಳಿಯಲಿ, ಮ್ಯೂಟೆಕ್ಸ್ ಒಳಗೆ. ಅದಾದ ಮೇಲೆ ಎಲೆ ಫಂಕ್ಷನ್‌ಗಳಿಂದ ಮೇಲಕ್ಕೆ: ಪಾಯಿಂಟರ್ ಮತ್ತು ಉದ್ದದ ಜೋಡಿ ಸ್ಲೈಸ್ ಆಗಲಿ, ಎರರ್ ಕೋಡ್ ರಿಸಲ್ಟ್ ಆಗಲಿ. ಹೀಪ್ ಮೆಮೊರಿಗೆ ಕೊನೆಯಲ್ಲಿ ಕೈ ಹಾಕಿ. ಪಡೆದ ಜಾಗವೂ ಬಿಡುವ ಜಾಗವೂ ರಸ್ಟ್ ಒಳಗೇ ಇದ್ದಾಗ ಮಾತ್ರ ಬಾಕ್ಸ್ (ಹೀಪ್ ಮೆಮೊರಿಯನ್ನು ತಾನೇ ಬಿಡುವ ರಸ್ಟ್ ಟೈಪ್) ಅಥವಾ ವೆಕ್ ಮಾಡಬಹುದು. ಸಿ ಅಪ್ಲಿಕೇಶನ್ ಫ್ರೀ ಮಾಡುವ ಮೆಮೊರಿಯನ್ನು ಬಾಕ್ಸ್‌ನಿಂದ ಕೊಟ್ಟರೆ ಹೀಪ್ ಕೆಡುತ್ತದೆ, ಅಲ್ಲಿ ಮ್ಯಾಲಕ್ಕೇ ಇರಲಿ.

ಥ್ರೆಡ್‌ಗಳು ಒಂದೇ ಬಫರ್‌ನ ಬೇರೆ ಬೇರೆ ಭಾಗಕ್ಕೆ ಬರೆಯುತ್ತಿದ್ದರೆ ಇನ್ನೂ ಕಷ್ಟ. ಡೇವ್1ಡಿ ವಿಡಿಯೋ ಡಿಕೋಡರನ್ನು ಸಿ2ರಸ್ಟ್‌ನಿಂದ ಶುರುಮಾಡಿ ರೇವ್1ಡಿ ಆಗಿ ತಂದವರು ಇದಕ್ಕೆಂದೇ ಡಿಸ್‌ಜಾಯಿಂಟ್‌ಮ್ಯೂಟ್ ಎಂಬ ಟೈಪ್ ಕಟ್ಟಿಕೊಂಡರು. ಎರಡು ಥ್ರೆಡ್ ಒಂದೇ ವ್ಯಾಪ್ತಿಯನ್ನು ಹಿಡಿದಿವೆಯೇ ಎಂದು ಡೀಬಗ್ ಬಿಲ್ಡ್‌ನಲ್ಲಿ ಅದು ಪರಿಶೀಲಿಸುತ್ತದೆ. ಇಷ್ಟೆಲ್ಲ ಆದ ಮೇಲೂ ರೇವ್1ಡಿ ಮೂಲಕ್ಕಿಂತ ಸುಮಾರು 5% ನಿಧಾನವಿತ್ತು. ಅದನ್ನು ಸರಿಗಟ್ಟಲು 2025ರಲ್ಲಿ 20,000 ಡಾಲರ್ ಬಹುಮಾನವನ್ನೇ ಘೋಷಿಸಿದರು. ನಿಮ್ಮ ಗೇಟ್‌ವೇಯಲ್ಲಿ ಅಷ್ಟು ನಿಧಾನ ಪರವಾಗಿಲ್ಲವೇ ಎಂದು ಮೊದಲೇ ಅಳೆದಿಟ್ಟುಕೊಳ್ಳಿ.

---

ಹಳೇ_ಮೇಕ್‌ಫೈಲ್

ಎಲ್‌ಎಲ್‌ಎಂ ಮಾತು ಬಂದದ್ದರಿಂದ ಸೇರಿಸುತ್ತೇನೆ. ಅದರ ಜಾಗ ಟ್ರಾನ್ಸ್‌ಪೈಲರ್ ಆದ ಮೇಲಿನ ಹಂತದಲ್ಲಿ. ಒಂದು ಎಲೆ ಫಂಕ್ಷನ್, ಅದರ ಮೂಲ ಸಿ, ಟೈಪ್‌ಗಳು, ಅದನ್ನು ಕರೆಯುವ ಎಲ್ಲ ಜಾಗಗಳು, ಇಷ್ಟನ್ನೂ ಕೊಟ್ಟು ಸೇಫ್ ರೂಪ ಕೇಳಿ. ಕರೆಯುವ ಜಾಗ ಕೊಡದಿದ್ದರೆ ಎರಡು ಪಾಯಿಂಟರ್ ಒಂದೇ ಆಗಬಹುದು ಎಂದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಸಿ ಕೋಡನ್ನು ರಸ್ಟ್‌ಗೆ ತರಲು 2024ರಲ್ಲಿ ಹೊರತಂದ ಟ್ರ್ಯಾಕ್ಟರ್ ಕಾರ್ಯಕ್ರಮವೂ ಭಾಷಾ ಮಾದರಿಯನ್ನು ಒಂಟಿಯಾಗಿ ನೆಚ್ಚಿಕೊಂಡಿಲ್ಲ, ಸ್ಟ್ಯಾಟಿಕ್ ಮತ್ತು ಡೈನಾಮಿಕ್ ವಿಶ್ಲೇಷಣೆಯನ್ನು ಜೊತೆಗಿಟ್ಟುಕೊಂಡಿದೆ.

ಅದು ಕೊಟ್ಟ ಕೋಡ್ ಓದುವಾಗ ಎರಡು ಕಡೆ ಕಣ್ಣಿಡಿ. ಮೊದಲನೆಯದು "ಉದ್ದದಿಂದ 4 ಕಳೆ" ಎಂಬ ಸಾಲು. ಉದ್ದ 3 ಇದ್ದರೆ ಸಿಯಲ್ಲಿ ಅನ್‌ಸೈನ್ಡ್ ಸುತ್ತಿ ಭಾರೀ ಸಂಖ್ಯೆಯಾಗುತ್ತಿತ್ತು, ಸಿ2ರಸ್ಟ್ ಅದನ್ನು ರ‍್ಯಾಪಿಂಗ್ ಸಬ್ ಎಂದು ಬರೆದು ಆ ದೋಷ ಕಾಣುವಂತೆ ಉಳಿಸಿರುತ್ತದೆ. ಎಲ್‌ಎಲ್‌ಎಂ ಅದನ್ನು ಬರೀ ಕಳೆ ಚಿಹ್ನೆ ಮಾಡಿ ಚೊಕ್ಕಗೊಳಿಸುತ್ತದೆ: ಡೀಬಗ್‌ನಲ್ಲಿ ಪ್ಯಾನಿಕ್, ರಿಲೀಸ್‌ನಲ್ಲಿ ಮತ್ತೆ ಭಾರೀ ಸಂಖ್ಯೆ. ಅಲ್ಲಿ ಬೇಕಾದದ್ದು ಚೆಕ್ಡ್ ಸಬ್, ಆಗದಿದ್ದರೆ ಎರರ್. ಎರಡನೆಯದು ಕೊನೆಯಲ್ಲಿ ಒಂದು ಬೈಟಿನ ಅರೇ ಇಟ್ಟು ಹೆಚ್ಚು ಮೆಮೊರಿ ಪಡೆಯುವ ಹಳೆಯ ಸ್ಟ್ರಕ್ಟ್ ತಂತ್ರ. ಅದನ್ನು ಒಂದು ಅಂಶದ ಅರೇ ಎಂದೇ ಬರೆದುಕೊಟ್ಟರೆ ಇಂಡೆಕ್ಸ್ 1ರಲ್ಲೇ ಪ್ಯಾನಿಕ್.

ನೆಟ್‌ವರ್ಕ್ ಡಿಕೋಡರ್‌ನಲ್ಲಿ ಪ್ಯಾನಿಕ್ ಎಂದರೆ ಒಂದು ಕೆಟ್ಟ ಪ್ಯಾಕೆಟ್‌ನಿಂದ ಯಾರು ಬೇಕಾದರೂ ಗೇಟ್‌ವೇ ನಿಲ್ಲಿಸಬಹುದು ಎಂದರ್ಥ. ರಸ್ಟ್ 1.81ರಿಂದ ಈಚೆಗೆ ಎಕ್ಸ್‌ಟರ್ನ್ ಸಿ ಫಂಕ್ಷನ್ ದಾಟಲು ಹೋದ ಪ್ಯಾನಿಕ್ ಪ್ರೊಸೆಸ್ಸನ್ನೇ ಅಬಾರ್ಟ್ ಮಾಡುತ್ತದೆ. ಇಂಡೆಕ್ಸ್ ಬದಲು ಗೆಟ್ (ವ್ಯಾಪ್ತಿ ಮೀರಿದರೆ ಪ್ಯಾನಿಕ್ ಆಗದೆ ಖಾಲಿ ಉತ್ತರ ಕೊಡುವುದು) ಬಳಸಿ, ಕ್ಲಿಪ್ಪಿಯ ಇಂಡೆಕ್ಸಿಂಗ್ ಸ್ಲೈಸಿಂಗ್ ಲಿಂಟನ್ನು ಡಿಕೋಡರ್ ಮಾಡ್ಯೂಲ್‌ಗಳಲ್ಲಿ ಆನ್ ಮಾಡಿ. ಹೊರಗಿನ ಎಬಿಐ ಫಂಕ್ಷನ್‌ನಲ್ಲಿ ಪ್ಯಾನಿಕ್ ಹಿಡಿಯುವ ಕ್ಯಾಚ್ ಅನ್‌ವೈಂಡ್ ಹಾಕಿ ಎರರ್ ಕೋಡ್ ಹಿಂದಿರುಗಿಸಿ.

---

ಫಜರ್_ಬೆನ್ನಿಗೆ

ಎಬಿಐ ಗಡಿಯಲ್ಲಿ ಇನ್ನೊಂದಿದೆ. ಖಾಲಿ ಸಂದೇಶಕ್ಕೆ ಸಿ ಅಪ್ಲಿಕೇಶನ್‌ಗಳು ನಲ್ ಪಾಯಿಂಟರ್, ಉದ್ದ 0 ಕೊಡುವುದು ಸಾಮಾನ್ಯ. ರಾ ಪಾಯಿಂಟರ್‌ನಿಂದ ಸ್ಲೈಸ್ ಕಟ್ಟುವ ರಸ್ಟ್‌ನ ಫ್ರಮ್ ರಾ ಪಾರ್ಟ್ಸ್‌ಗೆ ಉದ್ದ 0 ಇದ್ದರೂ ಪಾಯಿಂಟರ್ ನಲ್ ಆಗಿರಬಾರದು, ಅಲೈನ್ ಕೂಡ ಆಗಿರಬೇಕು. ಆಗದಿದ್ದರೆ ಯುಬಿ. ಸ್ಲೈಸ್ ಮಾಡುವ ಒಂದೇ ಒಂದು ಸಹಾಯಕ ಫಂಕ್ಷನ್ ಇಡಿ: ಉದ್ದ 0 ಆದರೆ ಖಾಲಿ ಸ್ಲೈಸ್, ಉದ್ದ ಇದ್ದೂ ಪಾಯಿಂಟರ್ ನಲ್ ಆದರೆ ಎರರ್. ಎಲ್ಲ ಎಬಿಐ ಫಂಕ್ಷನ್‌ಗಳೂ ಅದರ ಮೂಲಕವೇ ಹೋಗಲಿ. ಫಜರ್ ಹಾರ್ನೆಸ್‌ನಲ್ಲಿ (ಫಜರನ್ನು ಲೈಬ್ರರಿಗೆ ಜೋಡಿಸುವ ಕೋಡ್‌ನಲ್ಲಿ) ಖಾಲಿ ಇನ್‌ಪುಟ್ ಬಂದಾಗ ಬೇಕೆಂದೇ ನಲ್ ಕಳಿಸಿ. ಫಜರ್ ಕೊಡುವ ಬಫರ್ ನಲ್ ಆಗಿರುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ, ಆ ದಾರಿ ಟೆಸ್ಟ್ ಆಗದೇ ಉಳಿದುಬಿಡುತ್ತದೆ.